ಗೊಂಬೆ ಒಳಗಿದೆ

ಗೊಂಬೆ ಮಾತಾಡಬಾರದು. ಗೊಂಬೆ ಕಣ್ಣು ಬಿಡಬಾರದು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಸೀಟಿ ಊದೋವರೆಗೆ ಏಳಬಾರದು. ಇಷ್ಟೂ ರೂಲುಗಳನ್ನ ಸೀಟಿ ಸರ್ ಒಂದೇ ಉಸಿರಲ್ಲಿ ಹೇಳಿ ಅರ್ಥ ಆಯ್ತಾ ಅಂತ ಕೇಳಿದರು. ಅವಳು ಆಯ್ತು ಸರ್ ಅಂದಳು. ನೋಡು, ಆಗಲೇ ಮಾತಾಡಿಬಿಟ್ಟೆ ಅಂತ ಸರ್ ನಕ್ಕರು. ಸುತ್ತ ನಿಂತಿದ್ದ ಮಕ್ಕಳೂ ನಕ್ಕರು.

ಅವಳು ಆ ಸ್ಕೂಲಿನ ಕಕ್ಕಸು ತೊಳೆಯುವವಳು. ಬೆಳಗ್ಗೆ ಗೇಟು ತೆಗೆಯೋ ಹೊತ್ತಿಗೆ ಬಂದು ಹುಡುಗರದು, ಹುಡುಗಿಯರದು, ಮೇಷ್ಟ್ರುಗಳದು ಅಂತ ಎಲ್ಲ ಕಕ್ಕಸು ತೊಳೆಯಬೇಕು. ಆಮೇಲೆ ಮೆಟ್ಟಿಲು, ಕಾರಿಡಾರು, ಅಂಗಳ. ಎಲ್ಲಾದರೂ ಕಟ್ಟಿಕೊಂಡರೆ ಬರಿಗೈ ಹಾಕಿ ತೆಗೆಯಬೇಕು. ರಬ್ಬರ್ ಗ್ಲೌಸ್ ಕೊಡಿಸಿ ಅಂತ ದೊಡ್ಡ ಮೇಡಂ ಹತ್ತಿರ ಕೇಳಿದ್ದಳು. ದೊಡ್ಡ ಮೇಡಂ ಅಂದರೆ ಆ ಸ್ಕೂಲಿನ ಒಡತಿ, ಹೆಡ್ಡು, ಎಲ್ಲ. ಬರುತ್ತೆ ಬರುತ್ತೆ ಅಂದರು. ಕೇಳಿ ಕೇಳಿ ಇವಳಿಗೆ ಬಾಯಿ ನೋವು ಬಂತೇ ಹೊರತು ಗ್ಲೌಸ್ ಬರಲಿಲ್ಲ. ಆಸಿಡ್ಡಿಗೆ ಬೆರಳ ಸಂದಿ ಯಾವಾಗಲೂ ಬಿರಿದಿರುತ್ತಿತ್ತು. ಮನೆಗೆ ಹೋಗಿ ಉಪ್ಪು ಮುಟ್ಟಿದರೆ ಪ್ರಾಣ ಹೋಗುತ್ತಿತ್ತು.

ಇಷ್ಟೆಲ್ಲ ಯಾಕೆ ಸಹಿಸಿಕೊಂಡಳು ಅಂದರೆ ಮಗಳಿಗಾಗಿ. ಮಗಳಿಗೆ ಅದೇ ಸ್ಕೂಲಲ್ಲಿ ಪುಕ್ಕಟೆ ಸೀಟು. ಕತ್ತಿಗೆ ಟೈ, ಕಾಲಿಗೆ ಕರಿ ಬೂಟು. ಅವಳ ತಾಯಿ, ಅಜ್ಜಿ, ಅವರ ಅಜ್ಜಿ, ಯಾರೂ ಬೂಟು ಹಾಕಿದವರಲ್ಲ. ನೀನು ಹೇಳಿದ ಕೆಲಸ ಮಾಡಿಕೊಂಡು ಇರೋವರೆಗೆ ಮಗಳಿಗೆ ಕ್ಲಾಸಲ್ಲಿ ಜಾಗ ಅಂತ ದೊಡ್ಡ ಮೇಡಂ ಮೊದಲ ದಿನವೇ ಹೇಳಿದ್ದರು. ಅದೇ ದಿನ ಅವಳು ಮಗಳನ್ನ ಕೂರಿಸಿಕೊಂಡು ಇನ್ನೊಂದು ಮಾತು ಹೇಳಿದ್ದಳು. ಸ್ಕೂಲಲ್ಲಿ ನನ್ನ ಅಮ್ಮ ಅನ್ನಬೇಡ ಕಣೇ, ಕಂಡರೂ ಕಾಣದ ಹಾಗೆ ಹೋಗು, ಕಕ್ಕಸಿನವಳ ಮಗಳು ಅಂತ ಗೊತ್ತಾದರೆ ನಿನ್ನ ಪಕ್ಕ ಒಂದು ನಾಯಿನೂ ಕೂರಲ್ಲ ಅಂತ.

ಮಗಳು ಜಾಣೆ. ಹೇಳಿದ್ದನ್ನ ಹೇಳಿದ ಹಾಗೆ ಪಾಲಿಸಿದಳು. ಕಾರಿಡಾರಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋಗೋಳು. ಒರೆಸಿದ ನೆಲದ ಮೇಲೆ ಅವಳ ಬೂಟಿನ ಗುರುತು ಬೀಳೋದು. ಬಲಗಾಲಿನ ಬೂಟು ನಡೆಯುವಾಗ ಕಿರ್ರ್ ಅನ್ನೋದು. ತಾಯಿ ಆ ಸದ್ದು ಕೇಳಿಕೊಂಡು ಆ ಗುರುತು ಒರೆಸೋಳು. ಯಾರಿಗೂ ಗೊತ್ತಾಗಲಿಲ್ಲ ಸದ್ಯ ಅಂತ ಖುಷಿಪಡೋಳು. ಎಂಥ ಖುಷಿ ನೋಡಿ, ಹೆತ್ತವಳಿಗೆ.

ಸೀಟಿ ಸರ್ ಫೈರ್ ಎಂಜಿನ್ನಿನಲ್ಲಿ ದುಡಿದು ರಿಟೈರ್ ಆದವರು. ಸ್ಕೂಲಿಂದ ಸ್ಕೂಲಿಗೆ ಹೋಗಿ ಬೆಂಕಿಯಿಂದ ಪಾರಾಗೋದು ಹೇಗೆ ಅಂತ ಕಲಿಸುತ್ತಿದ್ದರು. ಪುಸ್ತಕ ಓದಿ ಬೆಂಕಿ ಆರಿಸೋಕೆ ಆಗಲ್ಲ, ಕೈಯಾರೆ ಮಾಡಿ ಕಲೀಬೇಕು ಅನ್ನೋದು ಅವರ ಮಾತು. ಮಾತು ಸರಿಯಾಗೇ ಇದೆ, ಅದಕ್ಕೇನು. ಅಂಗಳದಲ್ಲಿ ಕಬ್ಬಿಣದ ತಟ್ಟೆಗೆ ಎಣ್ಣೆ ಸುರಿದು ಬೆಂಕಿ ಹಚ್ಚೋರು. ಮಕ್ಕಳು ಸರದಿ ಮೇಲೆ ಕೆಂಪು ಸಿಲಿಂಡರ್ ಹಿಡಿದು, ಪಿನ್ನು ಕಿತ್ತು, ಬೆಂಕಿಯ ಬುಡಕ್ಕೆ ಹೊಡೆಯೋರು. ಬಟ್ಟೆಗೆ ಹತ್ತಿದರೆ ನಿಲ್ಲು, ಬೀಳು, ಉರುಳು. ಹೊಗೆ ತುಂಬಿದರೆ ನೆಲಕ್ಕೆ ಮೂಗು ಹಚ್ಚಿ ತೆವಳು. ಬೆಂಕಿ ಕಂಡರೆ ಹಿಂದೆ ನೋಡಬೇಡ, ಹೊರಗೆ ಬಂದು ಬಾಗಿಲು ಎಳೆದು ಚಿಲಕ ಹಾಕು, ಗಾಳಿ ಸಿಗದೆ ಬೆಂಕಿ ಸಾಯುತ್ತೆ. ಜೀವ ಮೊದಲು, ಸಾಮಾನು ಆಮೇಲೆ. ಉದ್ದ ಸೀಟಿ ಊದಿದರೆ ಇದ್ದದ್ದು ಇದ್ದ ಹಾಗೆ ಬಿಟ್ಟು ಅಂಗಳಕ್ಕೆ ಬಂದು ಸಾಲು ನಿಲ್ಲು. ಮಕ್ಕಳು ಇದನ್ನ ಮಗ್ಗಿ ಥರ ಬಾಯಿಪಾಠ ಮಾಡಿದ್ದರು. ಪಾಠ ಮುಗಿದ ಮೇಲೆ ಅಂಗಳದ ತುಂಬ ಸಿಲಿಂಡರಿನ ಬಿಳಿ ಪುಡಿ. ಗುಡಿಸೋಕೆ ಇವಳು. ಮೂಗಿಗೆ ಹೋದ ಪುಡಿ ಮನೆಗೆ ಹೋದ ಮೇಲೂ ಸೀನಿಸುತ್ತಿತ್ತು.

ಮೂರ್ಛೆ ಹೋದವರನ್ನ ಹೊರಗೆ ತರೋ ಪಾಠಕ್ಕೆ ಸರ್ ಒಂದು ಗೊಂಬೆ ಇಟ್ಟುಕೊಂಡಿದ್ದರು. ಗೋಣಿಗೆ ಮರಳು ತುಂಬಿ ಕೈಕಾಲು ಹೊಲಿದ ಗೊಂಬೆ. ಮಕ್ಕಳು ಮೆಟ್ಟಿಲಲ್ಲಿ ಎಳೆದಾಡಿದ್ದಕ್ಕೆ ಅದು ಹರಿಯಿತು, ಮರಳೆಲ್ಲ ಸುರಿಯಿತು. ಅವಳು ಕುಕ್ಕರಗಾಲಲ್ಲಿ ಕೂತು ಮರಳು ಬಳಿಯುತ್ತಿದ್ದಾಗ ಸರ್ ಮೇಲಿನ ಮೆಟ್ಟಿಲಲ್ಲಿ ನಿಂತು, ಸಂತೆಯಲ್ಲಿ ಕುರಿ ನೋಡೋ ಹಾಗೆ ಅವಳನ್ನ ನೋಡಿದರು. ಎಷ್ಟು ತೂಕ ಇದ್ದೀಯ ಅಂತ ಕೇಳಿದರು. ಅವಳಿಗೇನು ಗೊತ್ತು? ಮಕ್ಕಳ ತೂಕ ನೋಡೋ ಯಂತ್ರದ ಮೇಲೆ ನಿಲ್ಲಿಸಿದರು. ಗೋಣಿ ಗೊಂಬೆಗಿಂತ ಹಗುರ ಇದ್ದಳು. ದೊಡ್ಡ ಮೇಡಂಗೆ ಖುಷಿಯೋ ಖುಷಿ, ಹೊಸ ಗೊಂಬೆ ಹೊಲಿಸೋ ಖರ್ಚು ಉಳಿಯಿತಲ್ಲ.

ಮೊದಲು ಅವಳಿಗೆ ಸ್ನಾನ ಮಾಡಿಕೊಂಡು ಬಾ ಅಂದರು. ಕಟ್ಟಡದ ಹಿಂದಿನ ನಲ್ಲಿಯಲ್ಲಿ, ಸೀರೆ ಮೇಲೆಯೇ ನೀರು ಸುರಿದುಕೊಂಡಳು. ಕಿಟಕಿಯಿಂದ ಮಕ್ಕಳು ನೋಡಿದರು. ಅಷ್ಟಾದರೂ ಯಾವುದೋ ಮಗು ಮನೆಯಲ್ಲಿ ಬಾಯಿ ಬಿಟ್ಟಿತು. ಮರುದಿನ ಅಪ್ಪ ಅಮ್ಮಂದಿರು ಕಾರಿನಲ್ಲಿ ಬಂದರು. ಕಕ್ಕಸು ತೊಳೆಯೋ ಹೆಂಗಸನ್ನ ನಮ್ಮ ಮಕ್ಕಳ ಕೈಲಿ ಹಿಡಿಸ್ತೀರಾ ಅಂತ ಕೇಳಿದರು. ದೊಡ್ಡ ಮೇಡಂ ಅವರಿಗೆ ಕಾಫಿ ಕೊಟ್ಟು ಸಮಾಧಾನ ಮಾಡಿದರು. ಆ ವಾರವೇ ಗ್ಲೌಸ್ ಬಂತು. ಡಬ್ಬಗಟ್ಟಲೆ ಬಂತು. ನೀಲಿ ಬಣ್ಣದ್ದು, ಪುಟ್ಟ ಕೈಗಳ ಅಳತೆಯದು. ಅವಳು ಹೇಲು ಮುಟ್ಟೋಕೆ ಬಾರದ ಗ್ಲೌಸು, ಮಕ್ಕಳು ಅವಳನ್ನ ಮುಟ್ಟೋಕೆ ಬಂತು.

ಗ್ಲೌಸ್ ಹಾಕಿಕೊಂಡರೂ ಮಕ್ಕಳು ಮೈ ಮುಟ್ಟಲಿಲ್ಲ. ಕಂಬಳಿ ಮೇಲೆ ಉರುಳಿಸಿ, ಕಂಬಳಿಯ ತುದಿ ಹಿಡಿದು ಎಳೆದರು. ತಲೆ ಮುಂದಾಗಿ ಎಳೆಯಬೇಕು ಅಂತ ಸರ್ ಹೇಳಿಕೊಟ್ಟಿದ್ದರು. ತಲೆ ಹತ್ತಿರ ಬರೋಕೆ ಯಾವ ಮಗುವೂ ಒಪ್ಪಲಿಲ್ಲ, ಕೂದಲ ವಾಸನೆ ಅಂದವು. ಸರಿ, ಕಾಲು ಮುಂದಾಗಲಿ ಅಂತ ಸರ್ ಬಿಟ್ಟುಬಿಟ್ಟರು. ಮೆಟ್ಟಿಲಿಗೊಂದು ಸಲ ಅವಳ ತಲೆ ಕಲ್ಲಿಗೆ ಬಡಿಯಿತು. ಟಕ್, ಟಕ್, ಟಕ್. ಸೀರೆ ಮೊಣಕಾಲಿಗೆ ಏರಿತು. ಮರುದಿನದಿಂದ ಅವಳು ಸೀರೆಯೊಳಗೆ ಸತ್ತ ಗಂಡನ ಹಳೇ ಪ್ಯಾಂಟು ತೊಟ್ಟು ಬಂದಳು. ಯಾವ ಗುಂಪು ಬೇಗ ಎಳೆಯುತ್ತೋ ಅದಕ್ಕೆ ಚಪ್ಪಾಳೆ. ಗೊಂಬೆ ಕೆಮ್ಮಿದರೆ, ಮಿಸುಕಿದರೆ, ಗುಂಪಿಗೆ ಮಾರ್ಕು ಕಮ್ಮಿ. ಅದಕ್ಕೇ ಮಕ್ಕಳು ಎಳೆಯೋ ಮೊದಲು ಕಾಲ ಕಡೆಯಿಂದಲೇ ಅವಳಿಗೆ ಸುಮ್ನಿರು, ಸುಮ್ನಿರು ಅಂತ ಹೇಳೋವು.

ಒಂದು ದಿನ ಮಗಳ ಕ್ಲಾಸಿನ ಸರದಿ ಬಂತು. ಕಣ್ಣು ಮುಚ್ಚಿ ಮಲಗಿದ್ದವಳಿಗೆ ಬೂಟಿನ ಕಿರ್ರ್ ಕೇಳಿಸಿತು. ಮೆಟ್ಟಿಲು ಶುರುವಾದಾಗ ಟಕ್ ಅನ್ನಲಿಲ್ಲ. ಯಾರೋ ತಲೆಯಡಿಗೆ ಕೈ ಕೊಟ್ಟಿದ್ದರು. ಗ್ಲೌಸಿನೊಳಗಿನ ಆ ಪುಟ್ಟ ಅಂಗೈ ಮೆಟ್ಟಿಲಿಗೂ ತಲೆಗೂ ನಡುವೆ ಸಿಕ್ಕಿಕೊಳ್ಳುತ್ತಿದ್ದದ್ದು ತಾಯಿಗೆ ಗೊತ್ತಾಗುತ್ತಿತ್ತು. ಮಾತಾಡೋ ಹಾಗಿಲ್ಲವಲ್ಲ, ಹಲ್ಲು ಕಚ್ಚಿಕೊಂಡಳು. ಕೆಳಗೆ ತಲುಪಿದಾಗ ಸರ್ ಮಗಳನ್ನ ಬೈದರು. ಗೊಂಬೆ ತಲೆ ಹಿಡ್ಕೊಂಡು ಕೂತರೆ ನಿಮ್ಮ ಗುಂಪು ಗೆದ್ದ ಹಾಗೇ ಅಂದರು. ಗುಂಪಿನ ಮಕ್ಕಳು ಮುಖ ಊದಿಸಿಕೊಂಡವು. ಮುಂದಿನ ಸಲ ಮತ್ತೆ ಟಕ್, ಟಕ್ ಅಂತು.

ಅಷ್ಟು ಹೊತ್ತಿಗೆ ಅವಳಿಗೆ ಸ್ಕೂಲಿಡೀ ಗೊಂಬೆ ಅನ್ನೋದೇ ರೂಢಿಯಾಯಿತು. ಗೊಂಬೆ ಬಂತು, ಗೊಂಬೆ ಹೋಯ್ತು ಅಂತ ಮೊದಲು ಮಕ್ಕಳು ಶುರು ಮಾಡಿದವು. ಆಮೇಲೆ ಟೀಚರುಗಳ ಬಾಯಿಗೂ ಹತ್ತಿತು. ಗೊಂಬೆ ಮೇಲಿನ ಕಕ್ಕಸು ತೊಳೀತಾ? ತೊಳೀತು ಮೇಡಂ, ಈಗ ಅಂಗಳ ಗುಡಿಸ್ತಾ ಇದೆ. ಬಂದಳು ಹೋದಳು ಅನ್ನೋದು ನಿಂತೇಹೋಯಿತು. ಪೊರಕೆ ಬಗ್ಗೆ ಮಾತಾಡೋ ಹಾಗೆ ಅವಳ ಬಗ್ಗೆ ಮಾತಾಡಿದರು. ಅವಳಿಗೂ ಕಿವಿ ಒಗ್ಗಿತು. ಬಡವರಿಗೆ ಎಲ್ಲ ಒಗ್ಗುತ್ತೆ ಅಂತ ಹೇಳ್ತಾರಲ್ಲ, ಹೇಳೋರ ನಾಲಿಗೆ ಸೇದಿಹೋಗಲಿ.

ಇನ್ನೇನು ದೊಡ್ಡ ಪ್ರದರ್ಶನ ಹತ್ತಿರ ಬಂತು. ದೊಡ್ಡ ದೊಡ್ಡವರು ನೋಡೋಕೆ ಬರೋರಿದ್ದರು, ಸ್ಕೂಲಿಗೆ ಪ್ರಶಸ್ತಿ ಅಂತ ಸುದ್ದಿ ಇತ್ತು. ಅದಕ್ಕೆ ಮೊದಲು ಹೊಗೆ ಪಾಠದ ಅಭ್ಯಾಸ ಇಟ್ಟರು. ಮೆಟ್ಟಿಲ ಕೆಳಗೆ ಒಂದು ಸಾಮಾನು ಕೋಣೆ. ಮುರಿದ ಬೆಂಚು, ಹಳೇ ಬ್ಯಾನರು, ಆಟದ ಹರಕು ಸ್ಪಂಜಿನ ಹಾಸಿಗೆ, ಎಲ್ಲ ಅಲ್ಲಿ ತುಂಬಿದ್ದರು. ನಡುವೆ ಕಬ್ಬಿಣದ ಬಾಣಲೆಯಲ್ಲಿ ಕೆಂಡ ಇಟ್ಟು, ಒದ್ದೆ ಗೋಣಿ ಮುಚ್ಚಿ ಹೊಗೆ ಎಬ್ಬಿಸಿದರು. ಅವಳು ಮೂಲೆಯಲ್ಲಿ ಕಣ್ಣು ಮುಚ್ಚಿ ಮಲಗಿದಳು. ಮಕ್ಕಳ ಗುಂಪು ತೆವಳಿಕೊಂಡು ಬಂತು. ಮುಂದೆ ಗುಂಪಿನ ಲೀಡರ್ ಹುಡುಗ. ಕಂಬಳಿ ಹಾಸಿದರು. ಅವಳನ್ನ ಉರುಳಿಸಿದರು. ಎಳೆದರು. ಕಂಬಳಿಯ ಮೂಲೆ ಬಾಣಲೆಗೆ ಸಿಕ್ಕಿತು.

ಬಾಣಲೆ ಮಗುಚಿತು. ಕೆಂಡ ಸ್ಪಂಜಿಗೆ ಬಿತ್ತು. ಭಗ್ ಅಂತ ಹತ್ತಿತು.

ಅವಳು ಕಣ್ಣು ಬಿಟ್ಟಳು. "ಮಕ್ಕಳೇ, ಇದು ನಿಜವಾದ ಬೆಂಕಿ, ಓಡಿ," ಅಂದಳು. ಒಂದು ಮಗು, ಅಯ್ಯೋ ಗೊಂಬೆ ಮಾತಾಡ್ತು, ಮಾರ್ಕು ಹೋಯ್ತು ಅಂತು. ಅಷ್ಟರಲ್ಲಿ ಲೀಡರ್ ಹುಡುಗ ಬೆಂಕಿ ಕಂಡ. ಹೆದರಿದ. ಹೆದರಿದರೂ ಕಲಿತದ್ದು ಮರೆಯಲಿಲ್ಲ. ಎಲ್ಲರನ್ನೂ ತೆವಳಿಸಿಕೊಂಡು ಹೊರಗೆ ಹೋದ, ಹಿಂದೆ ನೋಡಲಿಲ್ಲ, ಬಾಗಿಲು ಎಳೆದು ಚಿಲಕ ಹಾಕಿದ. ಹೇಳಿಕೊಟ್ಟದ್ದನ್ನ ಒಂದಕ್ಷರ ತಪ್ಪದೆ ಮಾಡಿದ.

ಹೊರಗೆ ಉದ್ದ ಸೀಟಿ ಕೇಳಿಸಿತು. ಕೋಣೆಯ ಮೇಲ್ಗಡೆ ಅಂಗಳದ ಕಡೆ ಒಂದು ಗವಾಕ್ಷಿ ಇತ್ತು, ಕೈಗೆ ಎಟುಕದಷ್ಟು ಎತ್ತರದಲ್ಲಿ. ಅದರ ಗಾಜು ಒಡೆದಿತ್ತು. ಅಂಗಳದ ಮಾತೆಲ್ಲ ಒಳಗೆ ಕೇಳುತ್ತಿತ್ತು. ಬೂಟುಗಳು ಓಡಿದವು, ಸಾಲು ನಿಂತವು. ಸರ್ ತಲೆ ಎಣಿಸಿದರು. ಬೆಂಕಿ ಸರ್ ಅಂದ ಲೀಡರ್ ಹುಡುಗನ ಮಾತನ್ನ ಪಾಠದ ಮಾತು ಅಂದುಕೊಂಡು, ಎಲ್ಲ ಸರಿಯಿದೆ, ಶಹಬ್ಬಾಸ್ ಅಂದರು. ಅವಳು ಅಯ್ಯೋ ಬಾಗಿಲು ತೆಗೀರಪ್ಪ ಅಂತ ಕೂಗಿದಳು. ಸ್ಪಂಜಿನ ಕರಿ ಹೊಗೆ ಗಂಟಲಿಗೆ ಇಳಿದಿತ್ತು, ಕೂಗು ಬಾಯಿಂದ ಆಚೆ ಹೋಗಲಿಲ್ಲ. ಆಗ ಗವಾಕ್ಷಿಯಿಂದ ಮಗಳ ದನಿ ಕೇಳಿಸಿತು.

"ಸರ್, ಗೊಂಬೆ ಒಳಗಿದೆ."

"ಇರಲಿ ಬಿಡು. ಜೀವ ಮೊದಲು, ಸಾಮಾನು ಆಮೇಲೆ. ಏನು ಹೇಳಿಕೊಟ್ಟಿದ್ದೀನಿ?"

ಅಂಗಳದ ಮಕ್ಕಳೆಲ್ಲ ಒಟ್ಟಿಗೆ, ಜೀವ ಮೊದಲು, ಸಾಮಾನು ಆಮೇಲೆ ಅಂದವು. ಆ ದನಿಯಲ್ಲಿ ಮಗಳ ದನಿಯೂ ಸೇರಿತ್ತೋ ಇಲ್ಲವೋ, ತಾಯಿಗೆ ಬಿಡಿಸಿ ಕೇಳೋಕೆ ಆಗಲಿಲ್ಲ.

ನೀವೇ ಹೇಳಿ, ಒಂದೇ ಒಂದು ಮಾತಿನ ವ್ಯತ್ಯಾಸ. ಅಮ್ಮ ಒಳಗಿದ್ದಾಳೆ ಅಂದಿದ್ದರೆ ಕಲ್ಲೂ ಎದ್ದು ಓಡಿಬರುತ್ತಿತ್ತು. ಗೊಂಬೆ ಇದೆ ಅಂದರೆ ಯಾರು ಓಡ್ತಾರೆ?

ಬಾಗಿಲ ದಾರಿಗೆ ಅಡ್ಡ ಬಿದ್ದಿದ್ದ ಬಾಣಲೆಯನ್ನ ಅವಳು ಎರಡೂ ಕೈಯಲ್ಲಿ ತಳ್ಳಿದಳು. ಅಂಗೈ ಚುರ್ ಅಂತು. ಚರ್ಮ ಕಬ್ಬಿಣಕ್ಕೆ ಅಂಟಿಕೊಂಡು ಬಂತು. ಕೂದಲು ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ನೆಲಕ್ಕೆ ಮೂಗು ಹಚ್ಚಿ ಬಾಗಿಲವರೆಗೆ ತೆವಳಿದಳು. ಬಾಗಿಲಿನ ಕೆಳಗಿನ ಹಲಗೆ ಅವಳೇ ದಿನಾ ಸುರಿದ ನೀರಿಗೆ ಕೊಳೆತಿತ್ತು. ಮಲಗಿಕೊಂಡು ಎರಡೂ ಕಾಲಲ್ಲಿ ಒದ್ದಳು. ಒದ್ದಳು, ಒದ್ದಳು, ಒದ್ದಳು. ಹಲಗೆ ಮುರಿಯಿತು. ಆ ಕಿಂಡಿಯಿಂದ ತೂರಿ, ಮುಖವೆಲ್ಲ ಮಸಿಯಾಗಿ ಅಂಗಳಕ್ಕೆ ಬಂದು ಬಿದ್ದಳು.

ಮಕ್ಕಳು ಚಪ್ಪಾಳೆ ತಟ್ಟಿದವು. ಪಾಠದಲ್ಲಿ ಇದೂ ಇದೆ ಅಂದುಕೊಂಡವು. ಸೀಟಿ ಸರ್, "ಏಳಬಾರದು ಅಂದಿರಲಿಲ್ವಾ? ಅದು ಮಕ್ಕಳಿಗೆ ಊದಿದ ಸೀಟಿ, ನಿನಗೆ ಊದಿದ್ನಾ ನಾನು?" ಅಂದರು. ಆಮೇಲೆ ಅವಳ ಹಿಂದೆ ಬರುತ್ತಿದ್ದ ಕರಿ ಹೊಗೆ ನೋಡಿ ಅವರ ಮುಖ ಬಿಳುಪಾಯಿತು. ಕೆಂಪು ಸಿಲಿಂಡರಿಗೆ ಓಡಿದರು. ಒಂದರಲ್ಲೂ ಪುಡಿ ಇರಲಿಲ್ಲ. ಎಲ್ಲ ಪಾಠಕ್ಕೇ ಖಾಲಿಯಾಗಿತ್ತು, ಯಾರೂ ತುಂಬಿಸಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದು ಅಂದರೆ ಇದೇ. ಬಕೆಟ್ಟು ತಂದು, ಕಕ್ಕಸಿನ ನಲ್ಲಿಯಿಂದ ನೀರು ಹೊತ್ತು ಆರಿಸಿದರು. ಅವಳು ಅಂಗೈ ಮೇಲೆ ಮಾಡಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಸಾಲಲ್ಲಿ ನಿಂತಿದ್ದ ಮಗಳು ಗೋಡೆ ನೋಡುತ್ತಿದ್ದಳು.

ಆಮೇಲೆ ನಡೆದದ್ದು ತಿಪ್ಪೆ ಸಾರಿಸೋ ಕೆಲಸ. ಲೀಡರ್ ಹುಡುಗನ ಬೆನ್ನು ತಟ್ಟಿದರು. ಸ್ಪಂಜು ಆ ಕೋಣೆಯಲ್ಲಿ ಇಟ್ಟದ್ದು ಯಾರು ಅಂತ ಕೇಳಿದರು. ಇಡಿಸಿದವರು ಸುಮ್ಮನಿದ್ದರು, ಹೊತ್ತು ಇಟ್ಟವಳ ಮೇಲೆ ತಪ್ಪು ಬಿತ್ತು. ಕೈಗೆ ಮುಲಾಮು ಬಳಿದು ಬಟ್ಟೆ ಸುತ್ತಿದರು. ಈ ಮಾತು ಗೇಟು ದಾಟಬಾರದು ಅಂತ ದೊಡ್ಡ ಮೇಡಂ ಎಲ್ಲರಿಗೂ ಹೇಳಿದರು. ಮರುದಿನ ಬೂದಿ ಗುಡಿಸೋಕೆ ಅವಳನ್ನೇ ಕರೆದರು. ಕೈ ಬರದವಳು ಪೊರಕೆಯನ್ನ ಮೊಣಕೈಗೆ ಕಟ್ಟಿಕೊಂಡು ಗುಡಿಸಿದಳು.

ಆ ಸಂಜೆ ದೊಡ್ಡ ಮೇಡಂ ಕೋಣೆಗೆ ಕರೆಸಿದರು. ಪ್ರದರ್ಶನದ ದಿನ ಸ್ಟೇಜಿನ ಮೇಲೆ ಮಲಗಬೇಕು, ಈ ಸಲ ಬೆಂಕಿ ಗಿಂಕಿ ಇರಲ್ಲ, ಬರೀ ಬಣ್ಣದ ಹೊಗೆ ಅಂದರು. ಅವಳು ಬಟ್ಟೆ ಸುತ್ತಿದ ಕೈ ಮುಂದೆ ಹಿಡಿದಳು. ಕೀವು ಬಟ್ಟೆಗೆ ಇಳಿದಿತ್ತು. ಮೇಡಂ ಮೂಗು ಮುರಿದರು.

"ಮಲಗೋಕೆ ಕೈ ಯಾಕೆ ಬೇಕು?"

ಅವಳು ಮೇಡಂ ಕಾಲಿನ ಚಪ್ಪಲಿ ನೋಡಿದಳು. ಗೋಡೆಯ ಮೇಲಿನ ಪ್ರಶಸ್ತಿಗಳ ಸಾಲು ನೋಡಿದಳು. ಆಮೇಲೆ ಹೇಳಿದಳು.

"ಮಲಗಲ್ಲ ಮೇಡಂ."

ಆ ಕೋಣೆಯಲ್ಲಿ ಅವಳು ಇಲ್ಲ ಅಂದದ್ದು ಅದೇ ಮೊದಲು. ಬಡವನ ಸಿಟ್ಟು ದವಡೆಗೆ ಮೂಲ ಅಂತ ಚಿಕ್ಕಂದಿನಿಂದ ಕೇಳಿಸಿಕೊಂಡು ಬೆಳೆದವಳು. ಮೇಡಂ ರೇಗಲಿಲ್ಲ. ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡರು. ಆಯ್ತು, ನೀನು ಬೇಡ ಬಿಡು, ಮಗಳು ಇದ್ದಾಳಲ್ಲ, ಅವಳು ಇನ್ನೂ ಹಗುರ, ಒಬ್ಬರಲ್ಲ ಒಬ್ಬರು ಮಲಗಿ, ಇಲ್ಲದಿದ್ದರೆ ಸೀಟು ಬಿಟ್ಟುಕೊಡಿ ಅಂದರು. ಕನ್ನಡಕ ಹಾಕಿಕೊಂಡು ಬೇರೆ ಕೆಲಸ ನೋಡಿದರು.

ಮನೆಯಲ್ಲಿ ಮಗಳು ಅನ್ನ ಕಲಸಿ ತುತ್ತು ಮಾಡಿ ತಾಯಿಗೆ ತಿನ್ನಿಸುತ್ತಿದ್ದಳು. ಎರಡು ಕೈ ಹೋದವಳಿಗೆ ಇನ್ನೇನು ದಾರಿ. ತುತ್ತಿನ ನಡುವೆ ಮಗಳು, ಮೇಡಂ ನನ್ನನ್ನೂ ಕರೆದು ಕೇಳಿದರು, ನಾನೇ ಮಲಗ್ತೀನಿ ಅಂತ ಹೇಳಿಬಂದಿದ್ದೀನಿ ಅಂದಳು. ತಾಯಿಯ ಬಾಯಲ್ಲಿ ಅನ್ನ ಹಾಗೇ ನಿಂತಿತು. ಬೇಡ ಅಂದಳು. ನನಗೆ ಚೆನ್ನಾಗಿ ಬರುತ್ತಮ್ಮ ನೋಡು ಅಂತ ಮಗಳು ಅಲ್ಲೇ ನೆಲದ ಮೇಲೆ ಮಲಗಿ, ಉಸಿರು ಕಟ್ಟಿ ತೋರಿಸಿದಳು. ಹೊಟ್ಟೆ ಕೂಡ ಅಲುಗಲಿಲ್ಲ. ಎದ್ದು ಕೂತು, ನಾನು ನಿನ್ನ ಥರ ಮಾತಾಡಲ್ಲ, ನಿನ್ನ ಥರ ಮಧ್ಯದಲ್ಲಿ ಏಳಲ್ಲ ಅಂದಳು.

ತಾಯಿ ಅಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದದ್ದನ್ನ ಆಗ ಕೇಳಿದಳು.

"ಯಾಕೆ ಮಗಳೇ ಇದೆ ಅಂದೆ? ಇದ್ದಾಳೆ ಅನ್ನಬಾರದಿತ್ತಾ?"

ಮಗಳು ಎಂಜಲು ಕೈ ತಟ್ಟೆಗೆ ಒರೆಸಿಕೊಂಡಳು.

"ಅಮ್ಮ ಅನ್ನಬೇಡ ಅಂತ ನೀನೇ ಹೇಳಿದ್ದೆ. ಇದ್ದಾಳೆ ಅಂದ್ರೆ ಯಾರು ಅಂತ ಕೇಳೋರು."

ಅವಳೇ ನೆಟ್ಟ ಗಿಡ. ಪ್ರದರ್ಶನದ ದಿನ ನೀನು ಮನೆ ಬಿಟ್ಟು ಕದಲಬಾರದು ಅಂತ ಮಾತ್ರ ಹೇಳಿದಳು. ಮಗಳು ಹೂಂ ಅಂದಳು. ಆ ಹೂಂ ಎಂಥದು ಅಂತ ತಾಯಿಗೆ ಗೊತ್ತಾಗಬೇಕಿತ್ತು.

ಪ್ರದರ್ಶನದ ದಿನ ದೊಡ್ಡವರು ಬರೋ ಮೊದಲು ಕಕ್ಕಸೆಲ್ಲ ಫಳಫಳ ಅನ್ನಬೇಕು ಅಂತ ಹುಕುಂ. ಪೊರಕೆ ಕಟ್ಟಿದ ಮೊಣಕೈಯಲ್ಲೇ ಉಜ್ಜುತ್ತಿದ್ದಳು. ಆಸಿಡ್ ನೀರು ಬಟ್ಟೆಯೊಳಗೆ ಇಳಿದು ಹಸಿ ಮಾಂಸ ಉರಿಯುತ್ತಿತ್ತು. ಪಕ್ಕದ ಹಾಲಿನಿಂದ ಮೈಕು ಕೇಳುತ್ತಿತ್ತು. ಹಾರ, ತುರಾಯಿ, ಭಾಷಣ. ಆಮೇಲೆ ಸೀಟಿ ಸರ್ ದನಿ. ಈಗ ನಮ್ಮ ಮಕ್ಕಳು ಹೊಗೆಯಲ್ಲಿ ಸಿಕ್ಕಿಬಿದ್ದ ಗೊಂಬೆಯನ್ನ ಹೇಗೆ ಹೊರಗೆ ತರ್ತಾರೆ ನೋಡಿ ಅಂದರು. ನಾನು ಇಲ್ಲಿದ್ದೀನಲ್ಲ, ಯಾವ ಗೊಂಬೆ ಅಂದುಕೊಂಡಳು. ಅಂದುಕೊಂಡ ಮರುಕ್ಷಣ ಬಕೆಟ್ಟು ಅಲ್ಲೇ ಬಿಟ್ಟು ಎದ್ದಳು.

ಹಾಲಿನ ಬಾಗಿಲಿಗೆ ಬಂದಳು. ಸ್ಟೇಜಿನ ಮೇಲೆ ಬಣ್ಣದ ಹೊಗೆ. ಹೊಗೆಯ ಕೆಳಗೆ ಮಗಳು ಕೈಕಾಲು ಚೆಲ್ಲಿ ಮಲಗಿದ್ದಳು. ಟೈ ಕಟ್ಟಿದ್ದಳು, ಬೂಟು ಪಾಲಿಶ್ ಮಾಡಿದ್ದಳು. ಯಾರೂ ಎಳೆದು ತಂದಿರಲಿಲ್ಲ. ಸೀಟು ಉಳಿಸಿಕೊಳ್ಳೋಕೆ ತಾನಾಗಿ ಬಂದಿದ್ದಳು. ಲೀಡರ್ ಹುಡುಗನ ಗುಂಪು ನೀಲಿ ಗ್ಲೌಸ್ ಏರಿಸಿಕೊಂಡು ಕಂಬಳಿ ಬಿಚ್ಚುತ್ತಿತ್ತು. ಕಾಲು ಮುಂದಾಗಿ ಎಳೆಯೋಕೆ ಕಂಬಳಿ ಕಾಲ ಕಡೆಗೆ ಹಾಸಿದರು.

ಅವಳು ಹಾಲಿನ ನಡುವೆ ನಡೆದಳು. ಯಾರೂ ತಡೆಯಲಿಲ್ಲ. ಪೊರಕೆ ಇದ್ದವಳನ್ನ ಯಾರು ತಡೀತಾರೆ, ಗುಡಿಸೋಕೆ ಬಂತು ಅಂದುಕೊಂಡರು. ಸ್ಟೇಜು ಹತ್ತಿದಳು. ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಏಳು," ಅಂದಳು.

ಮಗಳ ರೆಪ್ಪೆ ಅಲುಗಿತು. ಕಣ್ಣು ಬಿಡಲಿಲ್ಲ. ತುಟಿ ಅಲುಗದ ಹಾಗೆ ಹೇಳಿದಳು.

"ಹೋಗಮ್ಮ. ಇನ್ನೂ ಸೀಟಿ ಊದಿಲ್ಲ."

ಆ ಕಟ್ಟಡದೊಳಗೆ ಮಗಳು ಅವಳನ್ನ ಅಮ್ಮ ಅಂದದ್ದು ಅದೇ ಮೊದಲು. ಅದೂ ಹೋಗು ಅನ್ನೋಕೆ. ಸುಟ್ಟ ದಿನ ಬಾರದ ಕಣ್ಣೀರು ಆಗ ಬಂತು.

ದೊಡ್ಡ ಮೇಡಂ ಸ್ಟೇಜಿನ ಅಂಚಿಗೆ ಬಂದಿದ್ದರು. ದೊಡ್ಡವರ ಕಡೆ ನಗು ಬೀರುತ್ತ, ಹಲ್ಲಿನ ಸಂದಿಯಲ್ಲಿ, ಕೆಳಗಿಳಿ, ಮಗಳ ಸೀಟು ನೆನಪಿದೆ ತಾನೇ ಅಂದರು.

"ನೆನಪಿದೆ ಮೇಡಂ. ನೀವೇ ಇಟ್ಕೊಳ್ಳಿ."

ಸೀಟಿ ಸರ್ ಮಾತಾಡೋಕೆ ಅಡ್ಡ ಬರುತ್ತೆ ಅಂತ ಸೀಟಿಯನ್ನ ಕತ್ತಿಂದ ತೆಗೆದು ಮೈಕಿನ ಕಂಬಕ್ಕೆ ನೇತುಹಾಕಿದ್ದರು. ಅವಳು ಎರಡೂ ಮಣಿಕಟ್ಟಿನ ನಡುವೆ ಅದನ್ನ ಹಿಡಿದಳು. ಬಾಯಿಗಿಟ್ಟಳು. ಅಷ್ಟು ದಿನ ನುಂಗಿದ ಕೆಮ್ಮು, ನುಂಗಿದ ಮಾತು, ನುಂಗಿದ ಹೊಗೆ ಎಲ್ಲ ಸೇರಿಸಿ ಊದಿದಳು. ಉದ್ದ ಸೀಟಿ. ಮೈಕಿನ ಮುಂದೆ.

ಮಕ್ಕಳು ಎದ್ದವು. ಒಂದೂ ಯೋಚನೆ ಮಾಡಲಿಲ್ಲ, ಕೈಯಾರೆ ಕಲಿತ ಪಾಠ ತಾನೇ. ಗುಂಪಿನವರು ಕಂಬಳಿ ಬಿಟ್ಟು ಓಡಿದರು. ಗೊಂಬೆಯೂ ಎದ್ದಿತು. ಸೀಟಿ ಊದಿದ್ದರಿಂದ ಎದ್ದಿತು, ಎಲ್ಲರ ಜೊತೆ ಓಡಿತು. ಮಕ್ಕಳು ಓಡಿದ್ದು ನೋಡಿ ದೊಡ್ಡವರು ಬೆಂಕಿ ಬೆಂಕಿ ಅಂತ ಹಾರ ಸಮೇತ ಓಡಿದರು. ಒಬ್ಬರ ಚಪ್ಪಲಿ ಅಲ್ಲೇ ಉಳಿಯಿತು. ಸರ್ ನಿಲ್ಲಿ, ನಿಲ್ಲಿ ಅನ್ನುತ್ತ ಓಡಿದರು, ಮೇಡಂ ಅವರ ಹಿಂದೆ ಓಡಿದರು. ಕೊನೆಯಲ್ಲಿ ಹೋದ ಲೀಡರ್ ಹುಡುಗ ಮರೆಯದೆ ಬಾಗಿಲು ಎಳೆದು ಚಿಲಕ ಹಾಕಿದ.

ಅವಳು ಓಡಲಿಲ್ಲ. ಆ ಸ್ಕೂಲಲ್ಲಿ ಅವಳಿಗೆ ಯಾರೂ ಓಡೋದು ಕಲಿಸಿರಲಿಲ್ಲ.

ಸೀಟು ಹೋಯಿತು ಅಂತ ಬೇರೆ ಹೇಳಬೇಕಾ? ಮಾರನೇ ದಿನವೇ ಹೋಯಿತು, ಅವಳ ಕೆಲಸವೂ ಹೋಯಿತು. ಮಗಳ ಟೈ ಬಿಚ್ಚಿಸಿಕೊಂಡು ಕಳಿಸಿದರು. ಇನ್ನು ಆ ಸೀಟಿ. ಅದನ್ನ ಸರ್ ಸೋಪು ಹಾಕಿ ತೊಳೆದರಂತೆ, ಬಿಸಿನೀರಲ್ಲಿ ಅದ್ದಿದರಂತೆ, ಆದರೂ ಬಾಯಿಗಿಡೋಕೆ ಮನಸ್ಸು ಬರದೆ ಚರಂಡಿಗೆ ಎಸೆದರಂತೆ. ಬೆಂಕಿಗೆ ಹೆದರದ ಮನುಷ್ಯ, ಅವಳ ಎಂಜಲಿಗೆ ಹೆದರಿದರು. ಆದರೆ ಇದೆಲ್ಲ ಆಮೇಲಿನ ಮಾತು.

ಆವತ್ತು ಆ ಹೊತ್ತಿನಲ್ಲಿ ಅವಳು ಖಾಲಿ ಹಾಲಿನಲ್ಲಿ ಒಬ್ಬಳೇ ಇದ್ದಳು. ಸ್ಟೇಜಿಂದ ಇಳಿದು ಮುಂದಿನ ಸಾಲಿನ ಮೆತ್ತನೆ ಕುರ್ಚಿಯಲ್ಲಿ ಕೂತಳು. ಅಷ್ಟು ವರ್ಷ ಒರೆಸಿದ ಕುರ್ಚಿ, ಕೂತದ್ದು ಅವತ್ತೇ. ಕಿಟಕಿಯಿಂದ ಅಂಗಳದ ಸದ್ದು ಕೇಳುತ್ತಿತ್ತು. ಸಾಲು ನಿಂತವು. ಏನೂ ಬೆಂಕಿ ಇಲ್ಲ, ಹೆದರಬೇಡಿ, ಇದೂ ಪ್ರದರ್ಶನದ ಭಾಗ ಅಂತ ಸೀಟಿ ಸರ್ ದೊಡ್ಡವರಿಗೆ ಹೇಳುತ್ತಿದ್ದರು. ನಾಚಿಕೆಯಿಲ್ಲದ ಜನಕ್ಕೆ ಎಷ್ಟು ಬೇಗ ಮಾತು ಸಿಗುತ್ತೆ ನೋಡಿ. ಬೇಕಾದರೆ ನೋಡಿ, ಈಗ ಮಕ್ಕಳನ್ನೇ ಕೇಳ್ತೀನಿ ಅಂದರು.

ಎಲ್ಲ ಬಂದ್ರಾ ಅಂತ ಕೇಳಿದರು. ಬಂದ್ವಿ ಸರ್ ಅಂದವು. ಒಳಗೆ ಯಾರಾದರೂ ಉಳಿದಿದ್ದಾರಾ ಅಂತ ಕೇಳಿದರು. ಲೀಡರ್ ಹುಡುಗ, ಯಾರೂ ಇಲ್ಲ ಸರ್, ಗೊಂಬೆ ಒಂದು ಇದೆ ಅಂದ. ದೊಡ್ಡವರು ನಕ್ಕರು. ಮಕ್ಕಳು ನಕ್ಕವು.

ಅವಳು ಕಣ್ಣು ಮುಚ್ಚಿಕೊಂಡಳು. ಮುಂದಿನದು ಕೇಳಿಸದಿರಲಿ ಅನ್ನಿಸಿತು. ನಗು ನಿಲ್ಲೋಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಂದು ಸಣ್ಣ ದನಿ.

"ಗೊಂಬೆ ಅಲ್ಲ ಸರ್. ನಮ್ಮಮ್ಮ."

ಅಂಗಳದಲ್ಲಿ ಯಾರೋ ಕಿಸಕ್ಕಂದರು. ಕಕ್ಕಸಿನವಳು ಇವಳ ಅಮ್ಮನಂತೆ ಕಣೋ ಅಂತ ಪಿಸುಪಿಸು ಸಾಲಿನುದ್ದಕ್ಕೂ ಹರಿಯಿತು. ಮಗಳ ಪಕ್ಕ ನಿಂತಿದ್ದ ಬೂಟುಗಳು ಎರಡೂ ಕಡೆಯಿಂದ ದೂರ ಸರಿದ ಸದ್ದು ಕೂಡ ಒಳಗೆ ಕೇಳಿಸಿತು. ದೊಡ್ಡ ಮೇಡಂ, ಸುಮ್ನೆ ನಿಲ್ಲು ಅಂತ ಗದರಿದರು. ಮಗಳು ಸುಮ್ಮನೆ ನಿಲ್ಲಲಿಲ್ಲ. ಈ ಸಲ ಸಣ್ಣ ದನಿಯೂ ಇರಲಿಲ್ಲ.

"ನಮ್ಮಮ್ಮ ಒಳಗಿದ್ದಾಳೆ."

ಸಾಲು ಮುರಿದು ಓಡಿಬರೋ ಬೂಟಿನ ಸದ್ದು ಕಿರ್ರ್ ಅಂತ ಕೇಳಿಸಿತು. ಹಿಂದಿನಿಂದ ಯಾರೋ ಹಿಡೀರಿ ಅವಳನ್ನ ಅಂದರು. ತಾಯಿ ಕುರ್ಚಿಯಿಂದ ಎದ್ದಳು. ಹೊರಗೆ ಚಿಲಕ ಸರಿಯಿತು.